ಕಣ್ಣು ಒಣಗುವುದಕ್ಕೆ ಮನೆಮದ್ದು: ಯಾವುದು ನಾಟುತ್ತದೆ, ಯಾವುದು ಕಣ್ಣು ಕೆಡಿಸುತ್ತದೆ?

ಎವೆಯಿಕ್ಕದೆ:
ಕಣ್ಣು ಒಣಗುತ್ತಿದೆ ಅಂದರೆ ಸಾಕು, ಬಾಯಿಗೊಂದು ಮದ್ದು. ಬಿಸಿಬಟ್ಟೆ ಇಡು, ತಣ್ಣೀರು ಎರಚು, ರೋಸ್ ವಾಟರ್ ಬಿಡು, ಹರಳೆಣ್ಣೆ ಹಚ್ಚು, ಮೀನೆಣ್ಣೆ ಮಾತ್ರೆ ನುಂಗು, ನೀರು ಜಾಸ್ತಿ ಕುಡಿ. ಬಿಸಿಯೂ ಸರಿ, ತಣ್ಣಗೂ ಸರಿ ಅಂದರೆ ಏನರ್ಥ? ಅಳತೆ, ನಿಮಿಷ, ಕಾರಣ ಸಮೇತ ಬಲ್ಲವರು ಬರೆಯಿರಿ. ಲಕ್ಷಣಗಳು ಇವು ಅಂತಿಟ್ಟುಕೊಳ್ಳಿ: ಮಧ್ಯಾಹ್ನದ ಮೇಲೆ ಉರಿ, ಮರಳು ಬಿದ್ದ ಹಾಗೆ ಕಿರಿಕಿರಿ, ಓದುತ್ತಿದ್ದಾಗ ಅಕ್ಷರ ಮಸುಕಾಗಿ ಒಮ್ಮೆ ರೆಪ್ಪೆ ಬಡಿದರೆ ತಿಳಿಯಾಗುವುದು, ಗಾಳಿಗೆ ನಿಂತರೆ ದಳದಳ ನೀರು. ನೀರು ಸುರಿಯುವ ಕಣ್ಣನ್ನು ಒಣಗಿದ ಕಣ್ಣು ಅನ್ನುವುದು ಹೇಗೆ ಅಂತಲೂ ಹೇಳಿ.

ಮೂರುಪದರ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರಲ್ಲೇ ಇದೆ.

ಕಣ್ಣಿನ ಮೇಲಿರುವುದು ಬರೀ ನೀರಲ್ಲ. ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಅಂಟಿಕೊಂಡು ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಎಣ್ಣೆ. ಮೂರೂ ಸೇರಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು ದಪ್ಪ ಬಂದರೆ ಹೆಚ್ಚು. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ, ಕೂದಲ ಸಾಲಿನ ಹಿಂದೆಯೇ ಸಾಲಾಗಿ ಬಾಯಿ ತೆರೆದಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಈ ಎಣ್ಣೆಯ ಮುಚ್ಚಳ ಇಲ್ಲದಿದ್ದರೆ ಕೆಳಗಿನ ನೀರು ಆರಿಹೋಗುತ್ತದೆ. ಆರಿದ ಜಾಗದಲ್ಲಿ ಕಾರ್ನಿಯಾದ ನರಗಳಿಗೆ ಉರಿ ಹತ್ತುತ್ತದೆ, ಅವು ಮಿದುಳಿಗೆ ದೂರು ಕೊಡುತ್ತವೆ, ಕಣ್ಣೀರಿನ ಗ್ರಂಥಿ ಗಾಬರಿಬಿದ್ದು ಒಂದೇ ಸಲ ನೀರು ಸುರಿಸುತ್ತದೆ. ಆ ನೀರಲ್ಲಿ ಎಣ್ಣೆಯೂ ಸಾಲದು, ಲೋಳೆಯೂ ಸಾಲದು. ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಲ್ಲಿ ನಿಲ್ಲುವುದಿಲ್ಲ. ಸುರಿಯುವ ಕಣ್ಣೂ ಒಣಗಣ್ಣೇ ಆಗುವುದು ಹೀಗೆ.

ಒಣಗುವಿಕೆಯಲ್ಲಿ ಎರಡು ಜಾತಿ: ನೀರು ಕಡಿಮೆ ಹುಟ್ಟುವುದು, ಹುಟ್ಟಿದ ನೀರು ಬೇಗ ಆರುವುದು. ಹೆಚ್ಚಾಗಿ ಕಾಣುವುದು ಎರಡನೆಯದು. ಹಲವರಲ್ಲಿ ಎರಡೂ ಬೆರೆತಿರುತ್ತವೆ. ಬಿಸಿಬಟ್ಟೆ ಎಣ್ಣೆ ಕಟ್ಟಿದವರಿಗೆ, ಹನಿ ಇಬ್ಬರಿಗೂ, ತಣ್ಣನೆಯ ಬಟ್ಟೆ ಅಲರ್ಜಿಯ ತುರಿಕೆ ಇರುವವರಿಗೆ. ತುರಿಕೆಯೇ ಮುಖ್ಯ ದೂರಾದರೆ ಮೊದಲು ಅಲರ್ಜಿಯ ಕಡೆ ನೋಡಿ. ಒಣಗಣ್ಣಿನಲ್ಲಿ ಉರಿ ಮತ್ತು ಚುಚ್ಚು ಮುಂದೆ, ತುರಿಕೆ ಹಿಂದೆ.

ಸಂಶಯಿ:
ಮನೆಯಲ್ಲಿ ಕೂತು ಯಾವ ಜಾತಿ ಅಂತ ಹೇಳುವುದು ಹೇಗೆ? ಎಲ್ಲರ ಹತ್ತಿರ ವೈದ್ಯರು ಕಣ್ಣು ದೊಡ್ಡದು ಮಾಡಿ ನೋಡುವ ಸ್ಲಿಟ್ ಲ್ಯಾಂಪ್ ಇರುವುದಿಲ್ಲವಲ್ಲ.

ಮೂರುಪದರ:
ಖಚಿತವಾಗಿ ಹೇಳಲಾಗದು, ಅಂದಾಜು ಮಾಡಬಹುದು. ಮೂರು ಸುಳಿವು.

ಒಂದು, ಹೊತ್ತು. ಎದ್ದ ಕೂಡಲೇ ಹೆಚ್ಚು, ಆಮೇಲೆ ಇಳಿಮುಖ ಅಂದರೆ ರೆಪ್ಪೆಯಂಚಿನ ಉರಿಯೂತ ಇರಬಹುದು, ಇಲ್ಲವೇ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಹೊತ್ತು ಏರಿದಂತೆ ಹೆಚ್ಚಾದರೆ ಆರಿಹೋಗುವುದು ಅಥವಾ ನೀರಿನ ಕೊರತೆ.

ಎರಡು, ಕನ್ನಡಿ. ಒಳ್ಳೆಯ ಬೆಳಕಿನಲ್ಲಿ ಕೆಳರೆಪ್ಪೆಯನ್ನು ಸ್ವಲ್ಪ ಹೊರಕ್ಕೆ ಎಳೆದು ಅಂಚು ನೋಡಿ. ಅಂಚು ದಪ್ಪಗೆ, ಕೆಂಪಗೆ, ಸಣ್ಣ ರಕ್ತನಾಳಗಳ ಗೆರೆಯೊಂದಿಗೆ ಕಂಡರೆ, ಗ್ರಂಥಿಗಳ ಬಾಯಲ್ಲಿ ಬಿಳಿ ಚುಕ್ಕೆ ಕೂತಿದ್ದರೆ ಎಣ್ಣೆ ಕಟ್ಟಿದೆ. ನೊರೆನೊರೆಯಾದ ಕಣ್ಣೀರು ಕಣ್ಣಿನ ಮೂಲೆಯಲ್ಲಿ ಕಂಡರೂ ಅದೇ. ಕೂದಲ ಬುಡದಲ್ಲಿ ಕೊಳವೆಯ ಹಾಗೆ ಸುತ್ತಿಕೊಂಡ ಹೊಟ್ಟು ಕಂಡರೆ ಡೆಮೊಡೆಕ್ಸ್ ಎಂಬ ಹುಳದ ಅನುಮಾನ. ಅದು ಬರೀ ಬಿಸಿಗೆ ಹೋಗುವುದಲ್ಲ.

ಮೂರು, ಗಡಿಯಾರ. ಎರಡು ಸಲ ಸರಿಯಾಗಿ ರೆಪ್ಪೆ ಬಡಿದು, ಆಮೇಲೆ ಬಡಿಯದೆ ನೆಟ್ಟಗೆ ನೋಡಿ. 10 ಸೆಕೆಂಡಿನೊಳಗೆ ಉರಿ ಬಂದರೆ ಕಣ್ಣೀರಿನ ಪದರ ಬೇಗ ಒಡೆಯುತ್ತಿದೆ ಎಂಬ ಸುಳಿವು. ವೈದ್ಯರು ಫ್ಲೋರೆಸಿನ್ ಬಣ್ಣ ಹಾಕಿ ನೋಡುವುದೂ ಇದನ್ನೇ. ಅಲ್ಲೂ 10 ಸೆಕೆಂಡಿಗಿಂತ ಕಡಿಮೆ ಬಂದರೆ ಅಸ್ಥಿರ ಅನ್ನುತ್ತಾರೆ. ಮನೆಯ ಲೆಕ್ಕ ಫ್ಯಾನಿನ ಕೆಳಗೆ ಮಾಡಬೇಡಿ, ಸುಳ್ಳು ಹೇಳುತ್ತದೆ.

ಕಾವುಬಟ್ಟೆ:
ಬಿಸಿಬಟ್ಟೆ ಬಗ್ಗೆ ನಾನು ಬರೆಯುತ್ತೇನೆ. ಹತ್ತರಲ್ಲಿ ಒಂಬತ್ತು ಜನ ತಪ್ಪು ಮಾಡಿ, ಕಡೆಗೆ "ಅದರಿಂದ ಏನೂ ಆಗಲ್ಲ" ಅನ್ನುವುದು ಇಲ್ಲೇ.

ಗ್ರಂಥಿಯ ಎಣ್ಣೆ ಆರೋಗ್ಯವಾಗಿದ್ದಾಗ ಮೈಶಾಖಕ್ಕೇ ದ್ರವ. ಕಟ್ಟಿದ್ದು ಮೇಣದ ಹಾಗೆ, ಟೂತ್‌ಪೇಸ್ಟಿನ ಹಾಗೆ. ಕರಗಲು ಹೆಚ್ಚು ಬಿಸಿ ಬೇಕು. ರೆಪ್ಪೆಯ ಒಳಮೈ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದು ಅಲ್ಲೇ ಕೆಲವು ನಿಮಿಷ ನಿಲ್ಲಬೇಕು. ರೆಪ್ಪೆಯಲ್ಲಿ ರಕ್ತಸಂಚಾರ ಜೋರು, ಕೊಟ್ಟ ಬಿಸಿಯನ್ನು ರಕ್ತ ಹೊತ್ತುಕೊಂಡು ಹೋಗುತ್ತಲೇ ಇರುತ್ತದೆ. ಆದ್ದರಿಂದ ಹೊರಗಿನ ಬಟ್ಟೆ 43–45 ಡಿಗ್ರಿಯಲ್ಲಿ ಇರಬೇಕು, 45 ದಾಟಬಾರದು. ದಾಟಿದರೆ ತೆಳ್ಳನೆಯ ಚರ್ಮ ಸುಡುತ್ತದೆ.

ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಕಣ್ಣಮೇಲಿಟ್ಟರೆ ಒಂದೆರಡು ನಿಮಿಷಕ್ಕೆ ಉಗುರುಬೆಚ್ಚಗೆ. ಉಳಿದ ಎಂಟು ನಿಮಿಷ ಇಟ್ಟುಕೊಳ್ಳುವುದು ಬರೀ ಒದ್ದೆಬಟ್ಟೆ. ಆವಿಯಾಗುವ ನೀರು ರೆಪ್ಪೆಯನ್ನು ತಣಿಸುವುದೂ ಉಂಟು. ಎರಡು ದಾರಿ ಇವೆ.

ಸಾದಾ ದಾರಿ: ಮುಚ್ಚಳವಿರುವ ಪಾತ್ರೆಯಲ್ಲಿ 45 ಡಿಗ್ರಿ ನೀರು. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಮುಂಗೈಯ ಒಳಮೈಗೆ ತಾಗಿಸಿ: ಹಿತವಾಗಿ ಬಿಸಿ ಅನ್ನಿಸಬೇಕು, ಕೈ ಹಿಂದಕ್ಕೆ ಸೆಳೆಯುವಂತಿರಬಾರದು. ಬಟ್ಟೆ ಎರಡು. ಒಂದು ಕಣ್ಣಮೇಲೆ, ಇನ್ನೊಂದು ನೀರಲ್ಲಿ. ಪ್ರತಿ 2 ನಿಮಿಷಕ್ಕೆ ಅದಲುಬದಲು, ಒಟ್ಟು 10 ನಿಮಿಷ. ನಡುವೆ ಒಮ್ಮೆ ಪಾತ್ರೆಗೆ ಬಿಸಿನೀರು ಸೇರಿಸಬೇಕಾಗುತ್ತದೆ.

ಕಟ್ಟಿನ ದಾರಿ: ಐದಾರು ಸಣ್ಣ ಟವೆಲುಗಳನ್ನು ಒದ್ದೆ ಮಾಡಿ ಹಿಂಡಿ, ಒಂದರ ಮೇಲೊಂದು ಈರುಳ್ಳಿ ಪದರದ ಹಾಗೆ ಸುತ್ತಿ ಉಂಡೆ ಮಾಡಿ, ಮೈಕ್ರೋವೇವಿನಲ್ಲಿ ಬಿಸಿ ಮಾಡಿ. ಹೊರಗಿನದನ್ನು ಬಿಚ್ಚಿ ಕಣ್ಣಿಗಿಟ್ಟಾಗ ಒಳಗಿನವು ತಮ್ಮ ಬಿಸಿ ಹಿಡಿದುಕೊಂಡಿರುತ್ತವೆ. 2 ನಿಮಿಷಕ್ಕೊಂದು ಬಿಚ್ಚುತ್ತ ಹೋಗುವುದು. ಬಿಸಿ ಉಳಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ, ಒಗೆಯುವ ಬಟ್ಟೆ ಹೆಚ್ಚು ಅನ್ನುವುದೊಂದೇ ದೂರು.

ಕಾಳು ಅಥವಾ ಮಣಿ ತುಂಬಿದ ಬಿಸಿಪಟ್ಟಿಯೂ ಆಗುತ್ತದೆ. ಆದರೆ ಮೈಕ್ರೋವೇವ್ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾಯಿಸುತ್ತದೆ. ತೆಗೆದ ಮೇಲೆ ಚೆನ್ನಾಗಿ ಕುಲುಕಿ, ಅರ್ಧ ನಿಮಿಷ ಬಿಟ್ಟು, ಕೈಗೆ ತಾಗಿಸಿ ನೋಡಿಯೇ ಕಣ್ಣಿಗೆ. ತಯಾರಕರು ಹೇಳಿದ್ದಕ್ಕಿಂತ ಒಂದು ಸೆಕೆಂಡೂ ಹೆಚ್ಚು ಬೇಡ. ಬೇಯಿಸಿದ ಮೊಟ್ಟೆ ಉರುಳಿಸುವುದು, ಕುದಿಯುವ ಪಾತ್ರೆಯ ಹಬೆಗೆ ಮುಖ ಒಡ್ಡುವುದು ಬೇಡ. ಮೊದಲನೆಯದು ಒಂದೇ ಬಿಂದುವಿಗೆ ಒತ್ತುತ್ತದೆ, ಎರಡನೆಯದು ಸುಡುತ್ತದೆ.

ಪಟ್ಟಿ ರೆಪ್ಪೆಯ ಮೇಲೆ ಹಗುರಾಗಿ ಕೂರಬೇಕು. ಗುಡ್ಡೆಯನ್ನು ಒತ್ತಿದರೆ ಕಾರ್ನಿಯಾದ ಆಕಾರ ಕೊಂಚ ಹೊತ್ತು ಬದಲಾಗಿ ದೃಷ್ಟಿ ಮಬ್ಬಾಗುತ್ತದೆ. ಬಿಸಿ ಕೊಟ್ಟ ಮೇಲೆ ಕೆಲವು ನಿಮಿಷ ಮಸುಕು ಸಹಜ. ಅದು ಅರ್ಧ ಗಂಟೆ ಉಳಿದರೆ ನೀವು ಒತ್ತುತ್ತಿದ್ದೀರಿ.

ಎವೆಯಿಕ್ಕದೆ:
ಬಿಸಿ ಕೊಟ್ಟರೆ ಎಣ್ಣೆ ತಾನಾಗಿ ಹೊರಬರುತ್ತದೋ, ಒತ್ತಬೇಕೋ?

ಕಾವುಬಟ್ಟೆ:
ಕರಗಿದ್ದನ್ನು ಹೊರಗೆ ತಳ್ಳಬೇಕು. ಬಟ್ಟೆ ತೆಗೆದ ಒಂದೆರಡು ನಿಮಿಷದಲ್ಲಿ ಅದು ಮತ್ತೆ ಗಟ್ಟಿಯಾಗುತ್ತದೆ, ಆದ್ದರಿಂದ ತಕ್ಷಣ.

ಕೈ ತೊಳೆದುಕೊಳ್ಳಿ, ಉಗುರು ಮೊಂಡಾಗಿರಲಿ. ಮೇಲಿನ ರೆಪ್ಪೆಗೆ: ಕಣ್ಣು ಮುಚ್ಚಿ, ನೋಟ ಕೆಳಗೆ. ಬೆರಳ ತುದಿಯನ್ನು ಹುಬ್ಬಿನ ಕೆಳಗಿನ ಮಡಿಕೆಯಿಂದ ಕೂದಲ ಸಾಲಿನವರೆಗೆ ಮೇಲಿಂದ ಕೆಳಕ್ಕೆ ಸವರಿ. ಕೆಳಗಿನದಕ್ಕೆ: ನೋಟ ಮೇಲೆ, ಸವರುವುದು ಕೆಳಗಿಂದ ಮೇಲಕ್ಕೆ. ಗ್ರಂಥಿಗಳು ನಿಂತಿರುವುದು ಲಂಬವಾಗಿ, ಬಾಯಿ ಇರುವುದು ಅಂಚಿನಲ್ಲಿ. ಅಡ್ಡಡ್ಡ ಉಜ್ಜಿದರೆ ಏನೂ ಹೊರಬರುವುದಿಲ್ಲ. ಮೂಗಿನ ಕಡೆ, ನಡು, ಕಿವಿಯ ಕಡೆ ಅಂತ ಮೂರು ಭಾಗ ಮಾಡಿಕೊಂಡು ಒಂದೊಂದಕ್ಕೂ ಐದಾರು ಸಲ. ಕಣ್ಣೊಳಗೆ ಬೆಳಕಿನ ಚುಕ್ಕೆ ಮಿಂಚಿತೋ, ಒತ್ತಡ ಅತಿಯಾಯಿತು.

ಕೆರಟೊಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನರ ಕೆಡುವ ಕಾಯಿಲೆ) ಆಪರೇಷನ್ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಮಸಾಜಿಗೆ ಕೈ ಹಾಕಬಾರದು. ಮುಖದ ರೋಸೇಷಿಯಾ (ಕೆನ್ನೆ, ಮೂಗು ಕೆಂಪಾಗುವ ಚರ್ಮರೋಗ) ಇರುವವರಿಗೆ ಬಿಸಿಯಿಂದ ಕೆಂಪು ಹೆಚ್ಚಾಗಬಹುದು, ಅವರು ಬಿಸಿಯನ್ನು ರೆಪ್ಪೆಗಷ್ಟೇ ಸೀಮಿತವಾಗಿಡಲಿ.

ಮೊದಲ 3–4 ವಾರ ದಿನಕ್ಕೆರಡು ಸಲ, ಆಮೇಲೆ ಒಂದು ಸಲ. ಎರಡು ದಿನಕ್ಕೆ ಫಲ ಕೇಳಬೇಡಿ.

ಸಂಶಯಿ:
ಮಸಾಜ್ ಆದ ಮೇಲೆ ಬೇಬಿ ಶಾಂಪೂವಿನಿಂದ ರೆಪ್ಪೆ ತೊಳೆಯಬೇಕು ಅಂತ ಎಲ್ಲೆಡೆ ಬರೆದಿರುತ್ತಾರಲ್ಲ?

ಮೂರುಪದರ:
ಹಳೆಯ ಸಲಹೆ ಅದು, ಪೂರ್ತಿ ತಪ್ಪೂ ಅಲ್ಲ. ಹೊಟ್ಟು ಹೋಗುತ್ತದೆ. ಆದರೆ ಶಾಂಪೂ ಮಾಡಿರುವುದು ತಲೆಕೂದಲಿಗೆ. ಕೊಳೆಯ ಜತೆ ಒಳ್ಳೆಯ ಎಣ್ಣೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮೊದಲೇ ಎಣ್ಣೆಗೆ ಬರ ಬಂದ ಕಣ್ಣಿಗೆ ಇದು ನಷ್ಟದ ವ್ಯಾಪಾರ. ರೆಪ್ಪೆಗೆಂದೇ ಬರುವ ಫೋಮ್ ಅಥವಾ ಒರೆಸುವ ಪ್ಯಾಡ್ ಉತ್ತಮ. 0.01 ಪ್ರತಿಶತದ ಹೈಪೋಕ್ಲೋರಸ್ ಆಮ್ಲದ ಸ್ಪ್ರೇ ಸಿಕ್ಕರೆ ಅದೂ ಸರಿ: ಕಣ್ಣು ಮುಚ್ಚಿ, ಪ್ಯಾಡಿಗೆ ಸಿಂಪಡಿಸಿ, ಕೂದಲ ಬುಡದ ಗುಂಟ ಮೂಗಿನಿಂದ ಹೊರಕ್ಕೆ ಒರೆಸುವುದು. ಕಣ್ಣಿಗೊಂದು ಪ್ಯಾಡ್. ಬಟ್ಟೆ ತೊಳೆಯುವ ಬ್ಲೀಚ್ ಬೇರೆ ವಸ್ತು, ಅದನ್ನು ನೀರು ಬೆರೆಸಿ ಮನೆಯಲ್ಲಿ ತಯಾರಿಸಲು ಹೋಗಬೇಡಿ.

ಡೆಮೊಡೆಕ್ಸ್ ಅಂದ ಕೂಡಲೇ ಕೆಲವರು ಟೀ ಟ್ರೀ ಎಣ್ಣೆಯ ಬಾಟಲಿ ತರುತ್ತಾರೆ. ನೇರ ಹಚ್ಚಿದರೆ ರೆಪ್ಪೆಯ ಚರ್ಮವೂ ಕಾರ್ನಿಯಾವೂ ಸುಡುತ್ತವೆ. ಅದರಲ್ಲಿ ಹುಳಕ್ಕೆ ವಿಷವಾದ ಟರ್ಪಿನೆನ್-4-ಓಲ್ ಗ್ರಂಥಿಯ ಜೀವಕೋಶಕ್ಕೂ ಒಳ್ಳೆಯದಲ್ಲ. ಇದು ಮನೆಯ ಪ್ರಯೋಗಕ್ಕೆ ತಕ್ಕುದಲ್ಲ.

ಇನ್ನೊಂದು ಮಾತು ಇಲ್ಲೇ ಸೇರಲಿ: ಕಾಡಿಗೆಯನ್ನೋ ಐಲೈನರನ್ನೋ ಕೂದಲ ಸಾಲಿನ ಒಳಗೆ, ಒದ್ದೆ ಅಂಚಿನ ಮೇಲೆ ಎಳೆದರೆ ಎಣ್ಣೆ ಬರುವ ಬಾಯಿಗೇ ಬಿರಡೆ ಜಡಿದ ಹಾಗೆ. ಕೂದಲ ಹೊರಗಡೆ ಹಚ್ಚಿ, ಮಲಗುವ ಮೊದಲು ತೆಗೆಯಿರಿ.

ರೋಸ್‌ನೀರು:
ಇಷ್ಟೆಲ್ಲ ಕಸರತ್ತು ಯಾಕೆ? ಎರಡು ಹನಿ ರೋಸ್ ವಾಟರ್ ಬಿಟ್ಟರೆ ತಂಪಾಗುತ್ತದೆ. ಜೇನುತುಪ್ಪ ಬಿಟ್ಟರೆ ಕೊಳೆಯೆಲ್ಲ ನೀರಾಗಿ ಇಳಿಯುತ್ತದೆ. ಕಲಬೆರಕೆ ಇಲ್ಲದ್ದು ಇರಬೇಕಷ್ಟೆ.

ಹನಿಲೆಕ್ಕ:
ಇಳಿಯುವುದು ಕೊಳೆಯಲ್ಲ ಸಾರ್, ಉರಿ ತಾಳಲಾರದೆ ಕಣ್ಣು ಸುರಿಸುವ ನೀರು. ಮೇಲೆ ಮೂರುಪದರ ಅವರು ಬರೆದ ಗಾಬರಿಯ ನೀರೇ. ಕಣ್ಣೀರಿನ ಪಿಎಚ್ (ಆಮ್ಲೀಯತೆಯ ಅಳತೆ) 7.4ರ ಆಸುಪಾಸು, ಲವಣಸಾಂದ್ರತೆ ಲೀಟರಿಗೆ ಸುಮಾರು 300 ಮಿಲಿಆಸ್ಮೋಲ್. ಜೇನು ಆಮ್ಲೀಯ, ಸಕ್ಕರೆಯ ಸಾಂದ್ರತೆ ಅದರ ಹತ್ತಾರು ಪಟ್ಟು. ಕಾರ್ನಿಯಾದ ಕೋಶದಿಂದ ನೀರು ಹೀರುತ್ತದೆ. ಒಣಗಣ್ಣಿನ ಮೂಲ ತೊಂದರೆಯೇ ಕಣ್ಣೀರು ಸಾಂದ್ರವಾಗುವುದು, ಅದರ ಮೇಲೆ ಜೇನು ಸುರಿದರೆ ಹೇಗೆ?

ರೋಸ್ ವಾಟರ್ ತಂಪು ಅನ್ನಿಸುವುದು ನಿಜ, ತಣ್ಣಗಿರುವ ಯಾವ ದ್ರವವೂ ಎರಡು ನಿಮಿಷ ಹಾಗೇ ಅನ್ನಿಸುತ್ತದೆ. ಮುಖಕ್ಕೆ ಹಚ್ಚಲು ತುಂಬಿದ ಬಾಟಲಿಯಲ್ಲಿ ಸುಗಂಧ, ಸಂರಕ್ಷಕ, ಕೆಲವೊಮ್ಮೆ ಆಲ್ಕೋಹಾಲ್ ಇರುತ್ತದೆ. ಸೂಕ್ಷ್ಮಾಣುರಹಿತವಂತೂ ಅಲ್ಲ. ಕಲಬೆರಕೆ ಇಲ್ಲದ್ದು ಬೇರೆ, ಸೂಕ್ಷ್ಮಾಣು ಇಲ್ಲದ್ದು ಬೇರೆ. ಒಣಗಿದ ಕಾರ್ನಿಯಾದ ಮೇಲ್ಪದರದಲ್ಲಿ ಆಗಲೇ ಸಣ್ಣ ಸಣ್ಣ ತೂತು ಬಿದ್ದಿರುತ್ತವೆ, ಸೋಂಕಿಗೆ ಬಾಗಿಲು ತೆರೆದೇ ಇರುತ್ತದೆ. 2022–23ರಲ್ಲಿ ಅಮೆರಿಕದಲ್ಲಿ ಮಾರಾಟವಾದ, ಕಾರ್ಖಾನೆಯಲ್ಲೇ ತಯಾರಾದ ಕೃತಕ ಕಣ್ಣೀರು ಸ್ಯೂಡೊಮೋನಾಸ್ ಬ್ಯಾಕ್ಟೀರಿಯಾದಿಂದ ಮಲಿನವಾಗಿ ಹಲವರು ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು. ಕಾರ್ಖಾನೆಯಲ್ಲಿ ತುಂಬಿದ್ದೇ ಹೀಗಾದರೆ ಅಡುಗೆಮನೆಯ ಕಪಾಟಿನದು ಯಾವ ಲೆಕ್ಕ?

ನಲ್ಲಿನೀರು ಎರಚುವುದೂ ಮದ್ದಲ್ಲ. ಇದ್ದಬದ್ದ ಎಣ್ಣೆ, ಲೋಳೆ ತೊಳೆದುಹೋಗುತ್ತದೆ, ಹತ್ತು ನಿಮಿಷದಲ್ಲಿ ಮೊದಲಿಗಿಂತ ಹೆಚ್ಚು ಒಣಗು.

ರೋಸ್‌ನೀರು:
ಹರಳೆಣ್ಣೆ? ಅದಕ್ಕೂ ಕಲ್ಲು ಹಾಕುತ್ತೀರಾ?

ಹನಿಲೆಕ್ಕ:
ಅರ್ಧ ಹಾಕುತ್ತೇನೆ. ಹರಳೆಣ್ಣೆ ಬೆರೆಸಿದ ಸಿದ್ಧ ಹನಿಗಳಿವೆ, ಎಣ್ಣೆಪದರ ತೆಳುವಾದವರಿಗೆ ಅವು ಉಪಯೋಗ. ಅಲ್ಲಿ ಎಣ್ಣೆ ಅತಿ ಸಣ್ಣ ಕಣಗಳಾಗಿ ನೀರಲ್ಲಿ ಬೆರೆತು, ಸೂಕ್ಷ್ಮಾಣುರಹಿತವಾಗಿರುತ್ತದೆ. ಮುಚ್ಚಿದ ರೆಪ್ಪೆಯ ಹೊರಗೆ, ಕೂದಲ ಬುಡಕ್ಕೆ ತೆಳ್ಳಗೆ ಸವರುವುದರ ಬಗ್ಗೆ ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಸೂಚನೆ ಇದೆ, ಅಷ್ಟೇ. ಬಾಟಲಿಯಿಂದ ನೇರ ಕಣ್ಣೊಳಗೆ ಬೇಡ. ದಪ್ಪ ಎಣ್ಣೆ ಕಣ್ಣೀರಿನ ಪದರದ ಮೇಲೆ ಹರಡುವುದಿಲ್ಲ, ದ್ವೀಪದ ಹಾಗೆ ತೇಲುತ್ತದೆ. ಕಣ್ಣು ಮಬ್ಬು, ರೆಪ್ಪೆ ಅಂಟು.

ಎವೆಯಿಕ್ಕದೆ:
ಸಿದ್ಧ ಹನಿ ಅಂದರೆ ಯಾವುದು? ಅಂಗಡಿಯಲ್ಲಿ ಹತ್ತು ಬಗೆ ಇರುತ್ತವೆ.

ಹನಿಲೆಕ್ಕ:
ಡಬ್ಬದ ಮುಂದಿನ ಬಣ್ಣ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ.

ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5 ಪ್ರತಿಶತ: ತೆಳು, ಹಗಲಿಗೆ. ಅದೇ 1 ಪ್ರತಿಶತ: ದಪ್ಪ, ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಕಿದ ಕೂಡಲೇ ಸ್ವಲ್ಪ ಮಸುಕು. ಸೋಡಿಯಂ ಹೈಯಲುರೊನೇಟ್ 0.1ರಿಂದ 0.2 ಪ್ರತಿಶತ: ರೆಪ್ಪೆ ಬಡಿದಾಗ ತೆಳುವಾಗಿ ಹರಡಿ, ಕಣ್ಣು ತೆರೆದಾಗ ಮತ್ತೆ ದಪ್ಪವಾಗುತ್ತದೆ, ಹಾಗಾಗಿ ಹಿತ. ಎಣ್ಣೆ ಕಟ್ಟಿದವರು ಎಣ್ಣೆ ಬೆರೆತ ಎಮಲ್ಷನ್ ನೋಡಬಹುದು.

ಆಮೇಲೆ ಸಂರಕ್ಷಕ. ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ಬರೆದಿದ್ದರೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಮಾರ್ಜಕ. ಪದೇ ಪದೇ ಹಾಕಿದರೆ ಕಾರ್ನಿಯಾದ ಮೇಲ್ಕೋಶವನ್ನೂ ತಿನ್ನುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುವವರು ಸಂರಕ್ಷಕ ಇಲ್ಲದ್ದನ್ನೇ ಕೊಳ್ಳಿ, ಒಂದೇ ಸಲಕ್ಕೆ ಒಡೆಯುವ ಸಣ್ಣ ಕೊಳವೆ ಅಥವಾ ಕವಾಟವಿರುವ ಬಾಟಲಿ. ಒಡೆದ ಕೊಳವೆಯನ್ನು ನಾಳೆಗೆ ಎತ್ತಿಡಬೇಡಿ. ಮಾಮೂಲಿ ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದು, ಬೇರೆ ಸೂಚನೆ ಇಲ್ಲದಿದ್ದರೆ 28 ದಿನಕ್ಕೆ ಎಸೆಯಿರಿ.

"ಕೆಂಪು ಇಳಿಸುತ್ತದೆ" ಅನ್ನುವ ಹನಿ ಬೇರೆ ಜಾತಿ. ನಫಜೋಲಿನ್, ಟೆಟ್ರಾಹೈಡ್ರೋಜೋಲಿನ್ ರಕ್ತನಾಳ ಕುಗ್ಗಿಸುತ್ತವೆ. ಔಷಧ ಇಳಿದ ಮೇಲೆ ನಾಳ ಮೊದಲಿಗಿಂತ ಹಿಗ್ಗಿ ಕಣ್ಣು ಇನ್ನೂ ಕೆಂಪು, ಮತ್ತೆ ಹನಿ, ಮತ್ತೆ ಕೆಂಪು. ಒಣಗಿಗೆ ಇದರಿಂದ ಏನೂ ಸಿಗದು.

ಹಾಕುವ ಕ್ರಮ: ತಲೆ ಹಿಂದಕ್ಕೆ, ಕೆಳರೆಪ್ಪೆ ಎಳೆದು ಜೇಬು ಮಾಡಿ, ಬಾಟಲಿಯ ಮೂತಿ ಕೂದಲಿಗೂ ತಾಗದಂತೆ ಒಂದೇ ಹನಿ. ಒಂದು ಹನಿಯ ಗಾತ್ರ 30ರಿಂದ 50 ಮೈಕ್ರೋಲೀಟರ್, ಕಣ್ಣು ಹಿಡಿಯುವುದು ಹೆಚ್ಚೆಂದರೆ 30. ಎರಡನೆಯ ಹನಿ ಕೆನ್ನೆಗೆ. ಕಣ್ಣು ಮೆಲ್ಲಗೆ ಮುಚ್ಚಿ ಒಂದು ನಿಮಿಷ ಹಾಗೇ ಇರಿ. ಪಟಪಟ ಬಡಿದರೆ ರೆಪ್ಪೆಯೇ ಹನಿಯನ್ನು ಮೂಗಿನ ಕಡೆ ಪಂಪು ಮಾಡಿ ಇಳಿಸುತ್ತದೆ. ಬೇರೆ ಹನಿಯೂ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಅಂತರ.

ಇನ್ನೊಂದು: ಉರಿ ಬಂದ ಮೇಲೆ ಹಾಕುವುದಕ್ಕಿಂತ ಉರಿ ಬರುವ ಹೊತ್ತಿಗೆ ಮೊದಲೇ ಹಾಕಿದರೆ ಕೆಲಸ ಹೆಚ್ಚು.

ಲೆನ್ಸ್‌ಡಬ್ಬಿ:
ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಸೇರಿಸುವುದು: ಮೆತ್ತನೆಯ ಲೆನ್ಸ್ ಬೆಂಜಾಲ್ಕೋನಿಯಂ ಹೀರಿಕೊಂಡು ದಿನವಿಡೀ ಕಣ್ಣಿಗೆ ಒಸರುತ್ತದೆ. ಅಂಥ ಹನಿ ಹಾಕಿದರೆ 15 ನಿಮಿಷ ಬಿಟ್ಟು ಲೆನ್ಸ್. ಲೆನ್ಸ್ ಮೇಲೆಯೇ ಬಿಡುವುದಾದರೆ ಲೆನ್ಸಿಗೆ ಹೊಂದುವುದು ಅಂತ ಬರೆದ ಹನಿ ಮಾತ್ರ. ಒಣಗಿತು ಅಂತ ಎಂಜಲಲ್ಲಿ ಒದ್ದೆ ಮಾಡಬೇಡಿ; ನಲ್ಲಿನೀರಲ್ಲಿ ಒದ್ದೆ ಮಾಡುವುದು ಅಕಾಂಥಮೀಬಾ ಎಂಬ ನೀರಿನ ಸೂಕ್ಷ್ಮಜೀವಿಗೆ ಆಹ್ವಾನ, ಆ ಸೋಂಕು ತಿಂಗಳುಗಟ್ಟಲೆ ಕಾಡುತ್ತದೆ. ಬಿಸಿಬಟ್ಟೆ ಇಡುವ ಮೊದಲು ಲೆನ್ಸ್ ಹೊರಗೆ.

ಮೂರುಪದರ:
ಎಲ್ಲರೂ ಹಚ್ಚುವುದು, ಬಿಡುವುದು ಅಂತಲೇ ಬರೆಯುತ್ತಿದ್ದೀರಿ. ಎಲ್ಲಕ್ಕಿಂತ ಅಗ್ಗದ ಮದ್ದು ರೆಪ್ಪೆ ಬಡಿಯುವುದು. ಸುಮ್ಮನಿದ್ದಾಗ ನಿಮಿಷಕ್ಕೆ 15–20 ಸಲ ಬಡಿಯುವ ರೆಪ್ಪೆ ಪರದೆ ಎದುರು ಐದಾರಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಅರೆಬಡಿತ: ಮೇಲಿನ ರೆಪ್ಪೆ ಮುಕ್ಕಾಲು ಇಳಿದು ವಾಪಸ್ಸು. ಎಣ್ಣೆ ಹಿಂಡುವುದು ಎರಡೂ ರೆಪ್ಪೆ ಮುಟ್ಟಿಕೊಂಡಾಗ. ಮುಟ್ಟದಿದ್ದರೆ ಎಣ್ಣೆಯೂ ಬರದು, ಕಾರ್ನಿಯಾದ ಕೆಳಭಾಗಕ್ಕೆ ಒರಸೂ ಸಿಗದು. ಬಣ್ಣ ಹಾಕಿ ನೋಡಿದಾಗ ಹಾನಿಯ ಚುಕ್ಕೆಗಳು ಕೆಳಗಿನ ಮೂರನೇ ಒಂದು ಭಾಗದಲ್ಲೇ ಗುಂಪಾಗಿ ಕಾಣುವುದು ಇದಕ್ಕೇ.

ಅಭ್ಯಾಸ ಹೀಗೆ. ಕಣ್ಣಿನ ಹೊರಮೂಲೆಯ ಪಕ್ಕ ಎರಡೂ ಕಡೆ ತೋರುಬೆರಳು ಇಡಿ. ಮೆಲ್ಲಗೆ ಮುಚ್ಚಿ, 2 ಸೆಕೆಂಡ್ ನಿಲ್ಲಿಸಿ, ತೆರೆಯಿರಿ. ಮತ್ತೆ ಮುಚ್ಚಿ 2 ಸೆಕೆಂಡ್. ಬೆರಳ ಕೆಳಗೆ ಸ್ನಾಯು ಕದಲಿದರೆ ನೀವು ಬಡಿಯುತ್ತಿಲ್ಲ, ಕಿವುಚುತ್ತಿದ್ದೀರಿ. ರೆಪ್ಪೆ ಇಳಿಯಬೇಕು, ಕೆನ್ನೆ ಏರಬಾರದು. ಇದು ಬಂದ ಮೇಲೆ ಮೂರನೆಯ ಸಲ ಮುಚ್ಚಿದಾಗ ಮಾತ್ರ ಹಗುರಾಗಿ 2 ಸೆಕೆಂಡ್ ಒತ್ತಿ. ಇಂಥ ಐದು ಸುತ್ತು, 20 ನಿಮಿಷಕ್ಕೊಮ್ಮೆ. ಅದೇ ಹೊತ್ತಿಗೆ 6 ಮೀಟರ್ ಆಚೆಗಿನ ಏನನ್ನಾದರೂ 20 ಸೆಕೆಂಡ್ ನೋಡಿದರೆ ದೃಷ್ಟಿಯ ದಣಿವಿಗೂ ಆಯಿತು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ನೋಟ ಕೆಳಗಿದ್ದಷ್ಟೂ ಕಣ್ಣು ಕಡಿಮೆ ತೆರೆದಿರುತ್ತದೆ, ಆರುವ ಮೈ ಕಡಿಮೆ. ದೂರ 50–70 ಸೆಂಟಿಮೀಟರ್.

ಸಂಶಯಿ:
ಕೋಣೆಯ ಗಾಳಿ? ಮೂಲೆಯಲ್ಲಿ ಬಟ್ಟಲು ನೀರಿಟ್ಟರೆ ತೇವ ಹೆಚ್ಚುತ್ತದಂತೆ.

ಕಾವುಬಟ್ಟೆ:
ಬಟ್ಟಲಿನಿಂದ ಆವಿಯಾಗುವುದು ಲೆಕ್ಕಕ್ಕೆ ಬರುವುದಿಲ್ಲ, ಕೋಣೆ ಅಷ್ಟು ದೊಡ್ಡದು. ತೇವಾಂಶ 40–60 ಪ್ರತಿಶತ ಇರಬೇಕೆಂದರೆ ಹ್ಯೂಮಿಡಿಫೈಯರೇ ಬೇಕು, ಜೊತೆಗೊಂದು ತೇವಮಾಪಕ. 60 ದಾಟಿದರೆ ಬೂಸ್ಟು. ಯಂತ್ರದ ತೊಟ್ಟಿಯ ನೀರು ದಿನವೂ ಬದಲಿಸಿ, ವಾರಕ್ಕೆರಡು ಸಲ ತಿಕ್ಕಿ ತೊಳೆಯಿರಿ. ಇಲ್ಲದಿದ್ದರೆ ಅದು ಕೋಣೆಗೆ ಊದುವುದು ಬೂಸ್ಟನ್ನೇ. ಆದರೆ ಮೊದಲು ಬಿಟ್ಟಿ ಕೆಲಸ ಮಾಡಿ: ಫ್ಯಾನು, ಎಸಿ, ಕಾರಿನ ಗಾಳಿಕಿಂಡಿ ಇವು ಮುಖಕ್ಕೆ ನೇರ ಬೀಸದಂತೆ ತಿರುಗಿಸಿ. ಗಾಳಿಯಲ್ಲಿ ಓಡಾಡುವಾಗ ಪಕ್ಕವೂ ಮುಚ್ಚುವ ಕನ್ನಡಕ.

ಎವೆಯಿಕ್ಕದೆ:
ಮೀನೆಣ್ಣೆ, ನೀರು ಕುಡಿಯುವುದು: ಇವೆರಡು ಉಳಿದವು.

ಹನಿಲೆಕ್ಕ:
ನೀರು: ಬಾಯಾರಿದಾಗ ಕುಡಿಯಿರಿ. ದೇಹಕ್ಕೆ ಸಾಕಷ್ಟು ಇದ್ದ ಮೇಲೆ ಇನ್ನೆರಡು ಲೀಟರ್ ಕುಡಿದರೆ ಅದು ಹೋಗುವುದು ಬಚ್ಚಲಿಗೆ, ಕಣ್ಣಿಗಲ್ಲ.

ಮೀನೆಣ್ಣೆ: 2018ರಲ್ಲಿ ಪ್ರಕಟವಾದ ಡ್ರೀಮ್ ಪ್ರಯೋಗದಲ್ಲಿ 535 ಜನರಿಗೆ 12 ತಿಂಗಳು ಕೊಟ್ಟು ನೋಡಿದರು. ಒಂದು ಗುಂಪಿಗೆ ದಿನಕ್ಕೆ 3,000 ಮಿಲಿಗ್ರಾಂ ಒಮೆಗಾ-3, ಇನ್ನೊಂದಕ್ಕೆ ಆಲಿವ್ ಎಣ್ಣೆ. ಎರಡೂ ಗುಂಪಿನವರಿಗೆ ಸುಮಾರಾಗಿ ಒಂದೇ ಮಟ್ಟದ ಸುಧಾರಣೆ. ಒಮೆಗಾ-3ಗೆ ಮೇಲುಗೈ ಇರಲಿಲ್ಲ. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ಕೇಳದೆ ದೊಡ್ಡ ಪ್ರಮಾಣಕ್ಕೆ ಹೋಗಬೇಡಿ.

ರಾತ್ರಿಪಾಳಿ:
ಬೆಳಿಗ್ಗೆ ಎದ್ದಾಗಲೇ ಕಣ್ಣು ಬಿಡಲಾರದಷ್ಟು ಒಣಗು ಇರುವವರ ವಿಷಯ ಯಾರೂ ಮುಂದುವರಿಸಲಿಲ್ಲ. ಮಲಗಿ ಅರ್ಧ ಗಂಟೆಯಾದ ಮೇಲೆ ಮನೆಯವರು ಯಾರಾದರೂ ಮಂದ ಟಾರ್ಚ್ ಹಿಡಿದು ನೋಡಲಿ. ರೆಪ್ಪೆಗಳ ನಡುವೆ ಬಿಳಿ ಗೆರೆ ಕಂಡರೆ ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಒಂದು ಮಿಲಿಮೀಟರ್ ಸಂದಿಯಾದರೂ ರಾತ್ರಿಯಿಡೀ ಆರುತ್ತದೆ. ಇವರಿಗೆ ಮಲಗುವಾಗ ಪ್ಯಾರಫಿನ್ ಆಧಾರದ ಕಣ್ಣಿನ ಮುಲಾಮು: ಕೆಳರೆಪ್ಪೆಯ ಜೇಬಿಗೆ ಅರ್ಧ ಸೆಂಟಿಮೀಟರ್ ಉದ್ದ, ಹೆಚ್ಚು ಬೇಡ. ಹಾಕಿದ ಮೇಲೆ ದೃಷ್ಟಿ ಮಬ್ಬು, ಆದ್ದರಿಂದ ದೀಪ ಆರಿಸುವ ಮುನ್ನ ಕೊನೆಯ ಕೆಲಸ ಅದೇ ಆಗಿರಲಿ. ತೇವ ಹಿಡಿಯುವ ಮಲಗುವ ಕನ್ನಡಕವೂ ಸಿಗುತ್ತದೆ. ನಿದ್ದೆಯಲ್ಲಿ ಗೊರಕೆ, ಉಸಿರುಕಟ್ಟುವಿಕೆಗೆ ಗಾಳಿ ಊದುವ ಸಿಪ್ಯಾಪ್ ಮುಖವಾಡ ಹಾಕುವವರಲ್ಲಿ ಮೂಗಿನ ಬದಿಯಿಂದ ಸೋರುವ ಗಾಳಿಯೇ ಕಾರಣ ಇರಬಹುದು. ಪಟ್ಟಿ ಬಿಗಿ ಮಾಡುವ ಮೊದಲು ಮುಖವಾಡದ ಅಳತೆ ನೋಡಿ.

ಮೂರುಪದರ:
ಒಳ್ಳೆಯ ಮಾತು. ಜೊತೆಗೆ ಔಷಧದ ಡಬ್ಬಿಯನ್ನೂ ಒಮ್ಮೆ ನೋಡಿ: ನೆಗಡಿ-ಅಲರ್ಜಿಯ ಹಳೆಯ ಮಾತ್ರೆಗಳು (ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್), ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಮೂತ್ರವರ್ಧಕಗಳು ಕಣ್ಣು ಒಣಗಿಸುತ್ತವೆ. ಐಸೊಟ್ರೆಟಿನಾಯಿನ್ ಎಣ್ಣೆಗ್ರಂಥಿಯನ್ನೇ ಕುಗ್ಗಿಸುತ್ತದೆ. ತಾವಾಗಿ ನಿಲ್ಲಿಸುವುದಲ್ಲ, ಬರೆದುಕೊಟ್ಟವರಿಗೆ ಹೇಳಿ, ಬದಲಿ ಇರಬಹುದು.

ಕಣ್ಣಿನ ಜತೆ ಬಾಯಿಯೂ ಒಣಗಿ, ಒಣ ರೊಟ್ಟಿಯಂಥದ್ದನ್ನು ನೀರಿಲ್ಲದೆ ನುಂಗಲಾಗದೆ, ಕೀಲು ನೋವೂ ಇದ್ದರೆ ಶೋಗ್ರೆನ್ಸ್ ಕಾಯಿಲೆಯ (ದೇಹದ ರಕ್ಷಣಾವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವುದು) ಅನುಮಾನ. ಅದಕ್ಕೆ ರಕ್ತಪರೀಕ್ಷೆ ಬೇಕು, ಜೊತೆಗೆ ಶಿರ್ಮರ್ ಪಟ್ಟಿ: ಕೆಳರೆಪ್ಪೆಯಲ್ಲಿ ಸಿಕ್ಕಿಸಿದ ಕಾಗದ 5 ನಿಮಿಷದಲ್ಲಿ 5 ಮಿಲಿಮೀಟರೂ ಒದ್ದೆಯಾಗದಿದ್ದರೆ ನೀರಿನ ಗ್ರಂಥಿ ಸೋತಿದೆ. ಇಲ್ಲಿ ಬಿಸಿಬಟ್ಟೆ ಎಷ್ಟು ಇಟ್ಟರೂ ಮೂಲಕ್ಕೆ ಮುಟ್ಟದು.

ಮತ್ತೆ ಇವು ಕಂಡರೆ ಮನೆಮದ್ದು ಆ ಕ್ಷಣಕ್ಕೇ ಬಂದ್, ಅದೇ ದಿನ ಕಣ್ಣಿನ ವೈದ್ಯರ ಬಳಿಗೆ: ಬೆಳಕು ನೋಡಲಾಗದ ನೋವು, ರೆಪ್ಪೆ ಬಡಿದರೂ ತಿಳಿಯಾಗದ ಮಸುಕು, ಹಳದಿ-ಹಸಿರು ಗೀಜು, ಒಂದೇ ಕಣ್ಣು ಕೆಂಪಾಗಿ ನೋಯುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಲೆನ್ಸ್ ಹಾಕುವವರಲ್ಲಿ ಇವುಗಳಲ್ಲಿ ಒಂದಿದ್ದರೂ ರಾತ್ರಿ ಕಳೆಯಲಿ ಅಂತ ಕಾಯಬಾರದು.

ಎವೆಯಿಕ್ಕದೆ:
ರಾತ್ರಿ ಎಲ್ಲವನ್ನೂ ಮಾಡುವುದಾದರೆ ಮೊದಲು ಯಾವುದು, ಆಮೇಲೆ ಯಾವುದು? ಹನಿ ಹಾಕಿ ಬಿಸಿ ಕೊಡುವುದೋ, ಬಿಸಿ ಕೊಟ್ಟು ಹನಿಯೋ?

ಕಾವುಬಟ್ಟೆ:
ಬಿಸಿ ಮೊದಲು. ಲೆನ್ಸ್, ಕಾಡಿಗೆ ತೆಗೆದು ಕೈ ತೊಳೆದು 10 ನಿಮಿಷ ಬಿಸಿ, ತಕ್ಷಣ ಮಸಾಜ್, ಆಮೇಲೆ ಅಂಚು ಒರೆಸುವುದು. ಹೊರಬಂದ ಹಳೆಯ ಎಣ್ಣೆ ಅಲ್ಲೇ ಉಳಿದರೆ ಕಣ್ಣೊಳಗೆ ಇಳಿದು ಉರಿಸುತ್ತದೆ. ನಂತರ ಹನಿ. ಮುಲಾಮು ಇದ್ದರೆ ಹನಿಯಾದ 10 ನಿಮಿಷಕ್ಕೆ. ಮುಲಾಮು ಮೊದಲು ಹಾಕಿದರೆ ಅದರ ಮೇಲೆ ಬಿದ್ದ ಹನಿ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿಹೋಗುತ್ತದೆ.

ರೋಸ್‌ನೀರು:
ರೋಸ್ ವಾಟರ್ ಬಾಟಲಿ ಮುಖಕ್ಕೆ ಮಾತ್ರ ಅಂತ ಬರೆದಿಟ್ಟಾಯಿತು. ಕಟ್ಟಿನ ಟವೆಲಿಗೆ ಹತ್ತಿಯೇ ಆಗಬೇಕೋ?

ಕಾವುಬಟ್ಟೆ:
ಹತ್ತಿಯದೇ ಒಳ್ಳೆಯದು, ದಪ್ಪ ನೇಯ್ಗೆಯದು. ಸಿಂಥೆಟಿಕ್ ನೀರು ಹಿಡಿಯುವುದಿಲ್ಲ, ಬಿಸಿಯೂ ನಿಲ್ಲುವುದಿಲ್ಲ. ಪ್ರತಿ ಸಲವೂ ಒಗೆದದ್ದೇ ಇರಲಿ, ಸುಗಂಧದ ಮೃದುಕಾರಿ ಹಾಕದೆ ಒಗೆದದ್ದು.